ಡಂಡೀ ನಗರದಲ್ಲಿ ಎರಡು ರಾತ್ರಿ: ಟೇ ನದಿತೀರದ ಕಿರುಪ್ರವಾಸಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಸ್ಕಾಟ್ಲೆಂಡಿಗೆ ಹೊರಡುವವರ ಪ್ರವಾಸಪಟ್ಟಿಯಲ್ಲಿ ಎಡಿನ್‌ಬರೋ, ಗ್ಲಾಸ್ಗೋ ಮತ್ತು ಉತ್ತರದ ಬೆಟ್ಟಸಾಲು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಟೇ ನದಿಯ ಅಳಿವೆಯ ಉತ್ತರ ದಂಡೆಯಲ್ಲಿರುವ ಡಂಡೀ ಆ ಪಟ್ಟಿಗೆ ಸೇರಿದರೂ, ಬೆಳಗಿನ ರೈಲಿನಲ್ಲಿ ಹೋಗಿ, ಹೆಸರಾಂತ ವಿನ್ಯಾಸ ವಸ್ತುಸಂಗ್ರಹಾಲಯದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಸಂಜೆಗೆ ಹಿಂದಿರುಗುವ ಊರಾಗಿ ಮಾತ್ರ ಸೇರುತ್ತದೆ. ಈ ಊರಿಗೆ ಕನಿಷ್ಠ ಎರಡು ರಾತ್ರಿ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಡಂಡೀಯ ನದಿತೀರ ಏಕೆ ಹೀಗಿದೆ ಎಂಬುದು ತೀರದಲ್ಲಿ ನಿಂತಾಗ ಅರ್ಧ ಮಾತ್ರ ತಿಳಿಯುತ್ತದೆ. ಉಳಿದರ್ಧಕ್ಕೆ ಒಳಗಿನ ಬೀದಿಯ ಹಳೆಯ ಸೆಣಬಿನ ಗಿರಣಿಗೂ ಊರ ನಡುವಿನ ಬೆಟ್ಟಕ್ಕೂ ಹೋಗಬೇಕಾಗುತ್ತದೆ. ಅಲ್ಲದೆ, ಈ ನಗರವನ್ನು ಶ್ರೀಮಂತಗೊಳಿಸಿದ ನಾರು ಬಂದದ್ದು ಬಂಗಾಳದ ಹೊಲಗಳಿಂದ. ನಮ್ಮ ಮಂಡಿಗಳಲ್ಲಿ ಇಂದಿಗೂ ಕಾಣುವ ಗೋಣಿಚೀಲದ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ಇಲ್ಲಿದೆ. ಭಾರತದಿಂದ ಹೋಗುವವರು ಅದನ್ನು ನೋಡದೆ ಮರಳಬಾರದು.

ಕಾಲವನ್ನು ಆರಿಸಿಕೊಳ್ಳುವುದು

ಮೊದಲು ಯೋಚಿಸಬೇಕಾದದ್ದು ಚಳಿಯ ಬಗ್ಗೆ ಅಲ್ಲ, ಬೆಳಕಿನ ಬಗ್ಗೆ. ಡಂಡೀ 56 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ಸ್ವಲ್ಪ ಮೇಲಿರುವುದರಿಂದ ಜೂನ್ ಮೂರನೆಯ ವಾರದಲ್ಲಿ ಬೆಳಗ್ಗೆ ನಾಲ್ಕೂವರೆಯೊಳಗೆ ಸೂರ್ಯ ಹುಟ್ಟಿ ರಾತ್ರಿ ಹತ್ತರ ಸುಮಾರಿಗೆ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಎಂಟೂ ಮುಕ್ಕಾಲಿಗೆ ಹುಟ್ಟಿ ಮಧ್ಯಾಹ್ನ ಮೂರೂವರೆ ದಾಟುತ್ತಿದ್ದಂತೆ ಮುಳುಗಿಬಿಡುತ್ತಾನೆ. ವಸ್ತುಸಂಗ್ರಹಾಲಯಗಳು ಸಂಜೆ ಐದರ ವೇಳೆಗೆ ಮುಚ್ಚುವ ಊರಿನಲ್ಲಿ, ಬೇಸಿಗೆಯಾದರೆ ಅದರ ನಂತರವೂ ಸೇತುವೆ, ಬೆಟ್ಟ, ಕಡಲತೀರಗಳಿಗೆ ನಾಲ್ಕೈದು ಗಂಟೆಗಳ ಬೆಳಕು ಸಿಗುತ್ತದೆ. ಆದ್ದರಿಂದ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಅವಧಿಯೇ ಉತ್ತಮ. ಚಳಿಗಾಲದಲ್ಲಿ ಕೆಲವು ಸಂಗ್ರಹಾಲಯಗಳು ವಾರದ ಕೆಲವು ದಿನ ಬಾಗಿಲು ತೆರೆಯುವುದಿಲ್ಲವಾದ್ದರಿಂದ, ದಿನಾಂಕ ನಿಗದಿ ಮಾಡುವ ಮುನ್ನ ನೀವು ನೋಡಬೇಕೆಂದಿರುವ ಪ್ರತಿಯೊಂದು ಸ್ಥಳದ ವೇಳಾಪಟ್ಟಿಯನ್ನೂ ಅದರದೇ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳಿ.

ಸ್ಕಾಟ್ಲೆಂಡಿನ ನಗರಗಳಲ್ಲಿ ಅತಿ ಹೆಚ್ಚು ಬಿಸಿಲು ಕಾಣುವ ನಗರವೆಂಬ ಹೆಸರು ಡಂಡೀಗೆ ಇದೆ. ಆದರೂ ಜುಲೈನ ಹಗಲಿನ ಗರಿಷ್ಠ ಉಷ್ಣಾಂಶ ಸರಾಸರಿ 20 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ, ನದಿಯ ಮೇಲಿಂದ ಬೀಸುವ ಗಾಳಿ ಅದನ್ನು ಇನ್ನೂ ಕಡಿಮೆಯೆನಿಸುವಂತೆ ಮಾಡುತ್ತದೆ. ಬೇಸಿಗೆಯಲ್ಲೂ ಗಾಳಿ ಮತ್ತು ಮಳೆ ತಡೆಯುವ ಒಂದು ಮೇಲಂಗಿ, ಅದರೊಳಗೆ ಒಂದು ಉಣ್ಣೆಯ ಅಂಗಿ ಬೇಕೇ ಬೇಕು. ಗಾಳಿಯ ರಭಸಕ್ಕೆ ಛತ್ರಿ ಇಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ಪೂರ್ವ ಕರಾವಳಿಯಲ್ಲಿ ‘ಹಾರ್’ ಎಂದು ಕರೆಯುವ ಸಮುದ್ರದ ಮಂಜು ಕೆಲವು ಬೇಸಿಗೆಯ ದಿನಗಳಲ್ಲಿ ಒಳನುಗ್ಗಿ, ಎದುರು ದಂಡೆಯನ್ನೇ ಮರೆಮಾಡುತ್ತದೆ. ಅಂಥ ದಿನ ಬೆಟ್ಟ ಹತ್ತುವ ಕಾರ್ಯಕ್ರಮವನ್ನು ಮುಂದೂಡಿ ಗಿರಣಿಯೊಳಗೆ ಹೊಕ್ಕುಬಿಡಿ.

ವೀಸಾ ಮತ್ತು ದಾರಿ

ಭಾರತದ ಪಾಸ್‌ಪೋರ್ಟ್ ಇರುವವರು ಬ್ರಿಟನ್ನಿನ ಸಾಮಾನ್ಯ ಸಂದರ್ಶಕ ವೀಸಾವನ್ನು ಮುಂಚಿತವಾಗಿ ಪಡೆಯಬೇಕು. ಯೂರೋಪಿನ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ. ಪ್ರಯಾಣದ ದಿನಾಂಕಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಸಲ್ಲಿಸಲಾಗದು, ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಹೀಗಾಗಿ ಎರಡೂವರೆ ತಿಂಗಳ ಮುಂಚೆ ಅರ್ಜಿ ಹಾಕುವುದು ನೆಮ್ಮದಿಯ ಲೆಕ್ಕಾಚಾರ. ಅರ್ಜಿಯನ್ನು ಬ್ರಿಟನ್ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ತುಂಬಿ, ಬೆರಳಚ್ಚು ಮತ್ತು ಭಾವಚಿತ್ರಕ್ಕಾಗಿ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬಹುದು. ಡಂಡೀ ವಿಶ್ವವಿದ್ಯಾಲಯದಲ್ಲೋ ಅಬರ್ಟೇ ವಿಶ್ವವಿದ್ಯಾಲಯದಲ್ಲೋ ಓದುತ್ತಿರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಯರಿಗೂ ಇದೇ ವೀಸಾ ಅನ್ವಯಿಸುತ್ತದೆ. ಅಂಥವರು ಮಗ ಅಥವಾ ಮಗಳ ಆಮಂತ್ರಣ ಪತ್ರ, ವಾಸದ ವಿವರ ಮತ್ತು ಖರ್ಚನ್ನು ಯಾರು ಭರಿಸುತ್ತಾರೆಂಬುದರ ದಾಖಲೆಗಳನ್ನು ಒಂದಕ್ಕೊಂದು ತಾಳೆಯಾಗುವಂತೆ ಜೋಡಿಸಿಕೊಳ್ಳಬೇಕು.

ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನಗಳಿವೆ; ಎಡಿನ್‌ಬರೋಗೆ ಹೋಗಬೇಕಾದರೆ ಲಂಡನ್, ದುಬೈ ಅಥವಾ ದೋಹಾದಂಥ ಕಡೆ ವಿಮಾನ ಬದಲಿಸಬೇಕು. ಲಂಡನ್ನಿನಲ್ಲಿ ಇಳಿದವರಿಗೆ ರೈಲು ಒಳ್ಳೆಯ ದಾರಿ. ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಅಬರ್ಡೀನ್ ಕಡೆಗೆ ಹೋಗುವ ನೇರ ರೈಲುಗಳು ಸುಮಾರು ಆರು ಗಂಟೆಗಳಲ್ಲಿ ಡಂಡೀ ತಲುಪಿಸುತ್ತವೆ. ಯೂಸ್ಟನ್ ನಿಲ್ದಾಣದಿಂದ ಹೊರಡುವ ಕ್ಯಾಲೆಡೋನಿಯನ್ ಸ್ಲೀಪರ್ ರಾತ್ರಿರೈಲು ಬೆಳಗಿನ ಜಾವ ಡಂಡೀಯಲ್ಲಿ ನಿಲ್ಲುತ್ತದೆಯಾದರೂ ಶನಿವಾರ ರಾತ್ರಿ ಅದು ಓಡುವುದಿಲ್ಲ. ದೂರದ ರೈಲುಗಳ ಟಿಕೆಟನ್ನು ಕೆಲವು ವಾರ ಮೊದಲೇ ಕೊಂಡರೆ ದರ ಗಣನೀಯವಾಗಿ ಇಳಿಯುತ್ತದೆ. ಎಡಿನ್‌ಬರೋ ವಿಮಾನ ನಿಲ್ದಾಣದಲ್ಲಿ ಇಳಿದವರು ಅಲ್ಲಿಂದ ಟ್ರಾಮ್ ಹಿಡಿದು ಹೇಮಾರ್ಕೆಟ್ ನಿಲ್ದಾಣಕ್ಕೆ ಬಂದು, ಉತ್ತರಕ್ಕೆ ಹೋಗುವ ರೈಲು ಹತ್ತಬಹುದು; ಊರಿನ ಮಧ್ಯದ ವೇವರ್ಲಿ ನಿಲ್ದಾಣದವರೆಗೆ ಹೋಗುವ ಅಗತ್ಯವಿಲ್ಲ. ಸ್ಕಾಟ್‌ರೈಲ್ ಸಂಸ್ಥೆಯು ದಟ್ಟಣೆಯ ಹೊತ್ತಿನ ಹೆಚ್ಚುವರಿ ದರವನ್ನು 2025ರ ಸೆಪ್ಟೆಂಬರ್‌ನಿಂದ ಕೈಬಿಟ್ಟಿರುವುದರಿಂದ ಬೆಳಗಿನ ರೈಲಿಗೂ ಹಿಂಜರಿಯಬೇಕಾಗಿಲ್ಲ.

ಎಡಿನ್‌ಬರೋದಿಂದ ಡಂಡೀಗೆ ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆಯ ಪ್ರಯಾಣ. ಕೋಚುಗಳೂ ಇವೆ, ಕೆಲವು ಸಂಪೂರ್ಣ ವಿದ್ಯುತ್‌ಚಾಲಿತವಾಗಿವೆ. ಆದರೂ ಹೋಗುವಾಗ ಒಮ್ಮೆಯಾದರೂ ರೈಲನ್ನೇ ಆರಿಸಿಕೊಳ್ಳಿ, ಮತ್ತು ರೈಲು ಸಾಗುವ ದಿಕ್ಕಿಗೆ ಬಲಗಡೆಯ ಕಿಟಕಿಯ ಬಳಿ ಕುಳಿತುಕೊಳ್ಳಿ. 1890ರಲ್ಲಿ ತೆರೆದ ಫೋರ್ತ್ ಸೇತುವೆಯನ್ನು ದಾಟಿದ ಬಳಿಕ ಫೈಫ್ ಪ್ರದೇಶದ ಕರಾವಳಿ ಬಹುದೂರ ಆ ಬದಿಗೇ ಕಾಣುತ್ತದೆ. ಕೊನೆಯಲ್ಲಿ ಟೇ ಸೇತುವೆಯ ಮೇಲೆ ರೈಲು ನಿಧಾನವಾದಾಗ, ಪಕ್ಕದ ನೀರಿನಲ್ಲಿ ಸಾಲಾಗಿ ನಿಂತ ಮೋಟು ಕಂಬಗಳೂ ಆ ಬದಿಗೇ ಕಾಣುತ್ತವೆ. ಅವು ತಾಮಸ್ ಬೌಚ್ ವಿನ್ಯಾಸದ ಮೊದಲ ಟೇ ರೈಲುಸೇತುವೆಯ ಅವಶೇಷಗಳು. 1878ರ ಜೂನಿನಲ್ಲಿ ತೆರೆದ ಆ ಸೇತುವೆಯ ಎತ್ತರದ ನಡುಭಾಗ 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಕುಸಿದು, ಅದರ ಮೇಲೆ ಹೋಗುತ್ತಿದ್ದ ರೈಲು ಪ್ರಯಾಣಿಕರೆಲ್ಲರೊಡನೆ ನದಿಗೆ ಬಿತ್ತು, ಒಬ್ಬರೂ ಉಳಿಯಲಿಲ್ಲ. ಗಾಳಿಯ ಒತ್ತಡವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದು ಮತ್ತು ಎರಕದ ಕಬ್ಬಿಣದ ಕಳಪೆ ಕೆಲಸ ತನಿಖೆಯಲ್ಲಿ ಬಯಲಿಗೆ ಬಂದವು. ನೀವು ದಾಟುವ ಈಗಿನ ಸೇತುವೆ 1887ರದು. ನೀರು ಇಳಿದಿರುವ ಹೊತ್ತಿನಲ್ಲಿ ಕಂಬಗಳ ಬುಡ ಹೆಚ್ಚು ಸ್ಪಷ್ಟವಾಗಿ ಕಾಣುವುದರಿಂದ, ಉಬ್ಬರ ಇಳಿತದ ವೇಳಾಪಟ್ಟಿಯನ್ನೂ ಒಮ್ಮೆ ನೋಡಿಟ್ಟುಕೊಳ್ಳಿ.

ತಂಗುವ ಜಾಗ

ಡಂಡೀ ಚಿಕ್ಕ ನಗರ. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ರೈಲುನಿಲ್ದಾಣ, ನದಿತೀರ ಮತ್ತು ಪೇಟೆಬೀದಿಗಳು ಒಂದರಿಂದೊಂದು ಹತ್ತು ನಿಮಿಷದ ನಡಿಗೆಯೊಳಗೇ ಇರುವುದರಿಂದ, ನಿಲ್ದಾಣದ ಸುತ್ತಮುತ್ತ ಕೋಣೆ ಹಿಡಿದರೆ ವಾಹನದ ಅಗತ್ಯವೇ ಬೀಳದು. ಅಡುಗೆಮನೆಯಿರುವ ಬಾಡಿಗೆ ಮನೆ ಸಿಕ್ಕರೆ ಹಿರಿಯರಿಗೂ ಸಸ್ಯಾಹಾರಿಗಳಿಗೂ ಅನುಕೂಲ. ಆಗಸ್ಟಿನಲ್ಲಿ ಎಡಿನ್‌ಬರೋ ಉತ್ಸವಗಳ ಕಾರಣ ಅಲ್ಲಿನ ಕೋಣೆಗಳ ದರ ವಿಪರೀತ ಏರುತ್ತದೆ. ಆ ತಿಂಗಳು ಡಂಡೀಯಲ್ಲೇ ತಂಗಿ ಎಡಿನ್‌ಬರೋಗೆ ಒಂದು ದಿನ ಹೋಗಿಬರುವ ತಿರುಗುಮುರುಗು ಯೋಜನೆಯನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಪದವಿ ಪ್ರದಾನ ಸಮಾರಂಭದ ದಿನಗಳಲ್ಲಿ ಮತ್ತು ನದಿಯಾಚೆಯ ಸೇಂಟ್ ಆಂಡ್ರ್ಯೂಸ್‌ನಲ್ಲಿ ದೊಡ್ಡ ಗಾಲ್ಫ್ ಪಂದ್ಯಾವಳಿ ಇದ್ದಾಗ ಮಾತ್ರ ಇಲ್ಲಿಯೂ ಕೋಣೆಗಳು ಬೇಗ ತುಂಬುತ್ತವೆ.

ಮೊದಲ ಮಧ್ಯಾಹ್ನ: ನೀರಿನ ಅಂಚು

ನಿಲ್ದಾಣದಿಂದ ಹೊರಬಂದು ರಸ್ತೆ ದಾಟಿದರೆ ಎದುರಿಗೇ ಆರಂಭದಲ್ಲಿ ಹೇಳಿದ ವಿನ್ಯಾಸ ವಸ್ತುಸಂಗ್ರಹಾಲಯ, ವಿ ಅಂಡ್ ಎ ಡಂಡೀ. ಜಪಾನಿನ ವಾಸ್ತುಶಿಲ್ಪಿ ಕೆಂಗೋ ಕುಮಾ ವಿನ್ಯಾಸದ ಈ ಕಟ್ಟಡ 2018ರ ಸೆಪ್ಟೆಂಬರ್ 15ರಂದು ತೆರೆಯಿತು. ಸ್ಕಾಟ್ಲೆಂಡಿನ ಕಡಲ ಕಡಿಬಂಡೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಇದರ ಬಾಗಿದ ಗೋಡೆಗಳಿಗೆ ಸುಮಾರು 2,500 ಎರಕದ ಕಲ್ಲಿನ ಹಲಗೆಗಳನ್ನು ಅಡ್ಡಡ್ಡಲಾಗಿ ಕೂರಿಸಲಾಗಿದೆ. ಹೊತ್ತು ಸರಿದಂತೆ ಅವುಗಳ ನೆರಳು ಬದಲಾಗುತ್ತದೆ. ಒಳಗೆ ಹೋಗುವ ಮುನ್ನ ಕಟ್ಟಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಎರಡು ಭಾಗಗಳ ನಡುವಿನ ಕಮಾನಿನ ಕೆಳಗೆ ನಿಂತು ನದಿಯನ್ನು ನೋಡಿ. ಯೂನಿಯನ್ ಬೀದಿಯಿಂದ ಬರುವ ದೃಷ್ಟಿ ನೀರಿಗೆ ತಲುಪಲೆಂದೇ ಆ ತೆರಪನ್ನು ಬಿಡಲಾಗಿದೆ. ಪ್ರವೇಶ ಉಚಿತ, ವಿಶೇಷ ಪ್ರದರ್ಶನಗಳಿಗೆ ಟಿಕೆಟ್ ಇರುತ್ತದೆ. ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್ ಗ್ಲಾಸ್ಗೋದ ಒಂದು ಚಹಾಮಂದಿರಕ್ಕಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಓಕ್ ಕೋಣೆಯನ್ನು, ದಶಕಗಳ ಕಾಲ ಬಿಡಿಬಿಡಿಯಾಗಿ ಉಗ್ರಾಣದಲ್ಲಿದ್ದ ಮರದ ತುಂಡುಗಳಿಂದ ಮತ್ತೆ ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ. ಮರಗೆಲಸವನ್ನು ಬಲ್ಲವರು ಅಲ್ಲಿ ಸಾಕಷ್ಟು ಹೊತ್ತು ಕಳೆಯುವಿರಿ.

ಪಕ್ಕದಲ್ಲೇ ಆರ್‌ಆರ್‌ಎಸ್ ಡಿಸ್ಕವರಿ ಹಡಗಿದೆ. ಡಂಡೀ ತಿಮಿಂಗಿಲ ಬೇಟೆಯ ಬಂದರಾಗಿತ್ತು. ಹಿಮದ ಒತ್ತಡವನ್ನು ತಾಳುವ ಮರದ ಹಡಗುಗಳನ್ನು ಕಟ್ಟುವ ಕೌಶಲ ಇಲ್ಲಿನ ಕುಶಲಕರ್ಮಿಗಳಿಗೆ ಆ ಬೇಟೆಯಿಂದಲೇ ಬಂದಿತ್ತು. ಅದಕ್ಕಾಗಿಯೇ ರಾಬರ್ಟ್ ಸ್ಕಾಟ್ ನಾಯಕತ್ವದ ಅಂಟಾರ್ಕ್ಟಿಕ್ ಯಾನಕ್ಕೆ ಬೇಕಾದ ಹಡಗನ್ನು ಇಲ್ಲಿ ಕಟ್ಟಿಸಿ, 1901ರ ಮಾರ್ಚ್ 21ರಂದು ನೀರಿಗಿಳಿಸಿದರು. ಯುವಕ ಅರ್ನೆಸ್ಟ್ ಶ್ಯಾಕಲ್ಟನ್ ಕೂಡ ಆ ಯಾನದಲ್ಲಿದ್ದರು. ಹಿಮದಲ್ಲಿ ಸಿಕ್ಕಿ ಎರಡು ಚಳಿಗಾಲ ನಿಂತ ಹಡಗು ಬಿಡುಗಡೆಯಾದದ್ದು 1904ರಲ್ಲಿ. ಹುಟ್ಟಿದ ಊರಿಗೆ ಖಾಯಂ ಆಗಿ ಮರಳಿದ್ದು 1986ರಲ್ಲಿ. ಅಧಿಕಾರಿಗಳ ಊಟದ ಕೋಣೆಯನ್ನೂ ನಾವಿಕರು ಮಲಗುತ್ತಿದ್ದ ಜಾಗವನ್ನೂ ಒಂದಾದ ಮೇಲೊಂದರಂತೆ ನೋಡಿ. ಇದಕ್ಕೆ ಎರಡು ಗಂಟೆ ಬೇಕು. ಹಡಗಿನೊಳಗಿನ ಮೆಟ್ಟಿಲುಗಳು ಕಡಿದಾಗಿರುವುದರಿಂದ ಮೊಣಕಾಲು ನೋವಿರುವವರು ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿಕೊಳ್ಳುವುದು ಒಳಿತು. ಡಿಸ್ಕವರಿ ಮತ್ತು ಮರುದಿನ ನೋಡಲಿರುವ ಹಳೆಯ ಸೆಣಬಿನ ಗಿರಣಿ ವರ್ಡಂಟ್ ವರ್ಕ್ಸ್ ಎರಡನ್ನೂ ಡಂಡೀ ಹೆರಿಟೇಜ್ ಟ್ರಸ್ಟ್ ನಡೆಸುವುದರಿಂದ ಜಂಟಿ ಟಿಕೆಟ್ ಸಿಗುತ್ತದೆ, ಬಿಡಿಬಿಡಿಯಾಗಿ ಕೊಳ್ಳಬೇಡಿ. ಹಳೆಯ ಹಡಗುಗಳಲ್ಲಿ ವಿಶೇಷ ಆಸಕ್ತಿಯಿದ್ದರೆ, ಪೂರ್ವಕ್ಕೆ ಸ್ವಲ್ಪ ದೂರದ ವಿಕ್ಟೋರಿಯಾ ದಕ್ಕೆಯಲ್ಲಿ 1824ರ ಯುದ್ಧನೌಕೆ ಎಚ್‌ಎಂಎಸ್ ಯೂನಿಕಾರ್ನ್ ಇದೆ.

ಸಂಜೆ ಸ್ಲೆಸರ್ ಉದ್ಯಾನದ ಹುಲ್ಲಿನ ಮೇಲೆ ನಿಂತಾಗ ಒಂದು ಸಂಗತಿಯನ್ನು ನೆನಪಿಡಿ: ನಿಮ್ಮ ಕಾಲಡಿಯ ನೆಲ ಒಂದು ಕಾಲದಲ್ಲಿ ಹಡಗು ನಿಲ್ಲುವ ದಕ್ಕೆಗಳಾಗಿತ್ತು. 1966ರಲ್ಲಿ ತೆರೆದ ಟೇ ರಸ್ತೆಸೇತುವೆಗೆ ಜಾಗ ಮಾಡಲು ಆ ದಕ್ಕೆಗಳನ್ನು ಮುಚ್ಚಿ, ವಿಕ್ಟೋರಿಯಾ ರಾಣಿಯ ಭೇಟಿಯ ನೆನಪಿಗೆ ಕಟ್ಟಿದ್ದ ಕಲ್ಲಿನ ಕಮಾನನ್ನು 1964ರಲ್ಲಿ ಕೆಡವಿದರು. ಅದರ ನಂತರ ದಶಕಗಳ ಕಾಲ ರಸ್ತೆಗಳೂ ಕಾಂಕ್ರೀಟ್ ಕಟ್ಟಡಗಳೂ ಊರನ್ನು ನದಿಯಿಂದ ಬೇರ್ಪಡಿಸಿದ್ದವು. 2001ರಿಂದ 2031ರವರೆಗೆ ಮೂವತ್ತು ವರ್ಷಗಳ ಯೋಜನೆಯೊಂದನ್ನು ಹಾಕಿಕೊಂಡು, ನದಿಯ ಉದ್ದಕ್ಕೆ ಎಂಟು ಕಿಲೋಮೀಟರ್ ತೀರವನ್ನು ಜನರಿಗೆ ಮರಳಿಸುವ ಕೆಲಸ ನಡೆಯುತ್ತಿದೆ. ಕೆರೆ, ರಾಜಕಾಲುವೆಗಳನ್ನು ಕಳೆದುಕೊಂಡ ಬೆಂಗಳೂರಿನಿಂದ ಬಂದವರಿಗೆ ಈ ತೀರ ಯೋಚನೆಗೆ ಹಚ್ಚದೆ ಇರದು. ಗಾಳಿ ಕಡಿಮೆಯಿದ್ದರೆ ರಸ್ತೆಸೇತುವೆಯ ಮಧ್ಯದಲ್ಲಿರುವ ಕಾಲುದಾರಿಯಲ್ಲಿ ಸ್ವಲ್ಪ ದೂರ ನಡೆದು ಊರಿನತ್ತ ತಿರುಗಿ ನೋಡಿ. ಇಲ್ಲವಾದರೆ ಪಶ್ಚಿಮಕ್ಕೆ ನದಿದಂಡೆಯ ಹಾದಿ ಹಿಡಿದು, 1879ರ ದುರಂತದಲ್ಲಿ ಮಡಿದವರ ಹೆಸರು ಕೆತ್ತಿದ ಸ್ಮಾರಕದವರೆಗೆ ಹೋಗಿಬನ್ನಿ.

ಎರಡನೆಯ ದಿನ: ಸೆಣಬಿನ ಊರು

ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ವರ್ಡಂಟ್ ವರ್ಕ್ಸ್ ತಲುಪಿ. ಊರ ಮಧ್ಯದಿಂದ ಕಾಲು ಗಂಟೆಯ ನಡಿಗೆ. 1833ರಲ್ಲಿ ಕಟ್ಟಿದ ಈ ಗಿರಣಿ ಇಂದು ಸೆಣಬಿನ ಸಂಗ್ರಹಾಲಯ. ಬಂಗಾಳದ ಸೆಣಬು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಡಂಡೀಗೆ ಬಂದಾಗ, ಒರಟಾಗಿ ಮುರಿಯುತ್ತಿದ್ದ ಆ ನಾರನ್ನು ಯಂತ್ರದಲ್ಲಿ ನೂಲುವುದು ಸಾಧ್ಯವಾಗಿರಲಿಲ್ಲ. ತಿಮಿಂಗಿಲದ ಎಣ್ಣೆ ಮತ್ತು ನೀರನ್ನು ಬೆರೆಸಿ ನಾರನ್ನು ಮೆದುಗೊಳಿಸುವ ಉಪಾಯ ಕಂಡುಕೊಂಡಾಗ ಎಲ್ಲವೂ ಬದಲಾಯಿತು: ಎಣ್ಣೆ ಬಂದರಿನಲ್ಲೇ ಇತ್ತು, ಅಗಸೆನಾರು ನೇಯ್ದು ಪಳಗಿದ ಕೈಗಳು ಊರಿನಲ್ಲೇ ಇದ್ದವು, ಗೋಣಿಚೀಲಗಳಿಗೆ ಲೋಕದೆಲ್ಲೆಡೆ ಬೇಡಿಕೆಯಿತ್ತು. ಲಾಖೀ ಬಡಾವಣೆಯಲ್ಲಿ ಕಾಕ್ಸ್ ಸಹೋದರರು ಕಟ್ಟಿದ ಕ್ಯಾಂಪರ್‌ಡೌನ್ ವರ್ಕ್ಸ್ ಜಗತ್ತಿನ ಅತಿದೊಡ್ಡ ಸೆಣಬಿನ ಕಾರ್ಖಾನೆಯಾಗಿತ್ತು. ಅದರ 86 ಮೀಟರ್ ಎತ್ತರದ ಬಣ್ಣದ ಇಟ್ಟಿಗೆಯ ಹೊಗೆಗೊಳವೆ ಈಗಲೂ ನಿಂತಿದೆ.

ಗಿರಣಿಯ ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚು, ಏಕೆಂದರೆ ಅವರಿಗೂ ಮಕ್ಕಳಿಗೂ ಕೊಡುತ್ತಿದ್ದ ಕೂಲಿ ಕಡಿಮೆ. ಹೆಂಗಸರು ದುಡಿದು ಗಂಡಸರು ಮನೆಯಲ್ಲಿ ಉಳಿಯುವ ಸಂಸಾರಗಳು ಇಲ್ಲಿ ಸಾಮಾನ್ಯವಾಗಿದ್ದವು. ಮಗ್ಗಗಳ ಅಬ್ಬರದಲ್ಲಿ ಕಿವಿ ಮಂದವಾದ ನೇಕಾರ್ತಿಯರು ತುಟಿಯ ಚಲನೆ ಮತ್ತು ಕೈಸನ್ನೆಯಿಂದಲೇ ಮಾತನಾಡಿಕೊಳ್ಳುತ್ತಿದ್ದರು. ಸಂಗ್ರಹಾಲಯದಲ್ಲಿ ಯಂತ್ರಗಳನ್ನು ಚಾಲೂ ಮಾಡಿ ತೋರಿಸುವಾಗ ಆ ಸದ್ದಿನ ಒಂದು ಸಣ್ಣ ಪಾಲನ್ನು ಕೇಳಬಹುದು. ಪ್ರಾತ್ಯಕ್ಷಿಕೆಯ ಸಮಯವನ್ನು ಒಳಹೋಗುವಾಗಲೇ ಕೇಳಿಟ್ಟುಕೊಂಡು ತಪ್ಪದೆ ನಿಂತು ನೋಡಿ. ನಿನ್ನೆ ನಿಂತ ಉದ್ಯಾನಕ್ಕೆ ಹೆಸರು ಕೊಟ್ಟ ಮೇರಿ ಸ್ಲೆಸರ್ ಕೂಡ ಹನ್ನೊಂದನೆಯ ವಯಸ್ಸಿಗೇ ಇಂಥದೊಂದು ಗಿರಣಿ ಸೇರಿ, ಮುಂದೆ ನೈಜೀರಿಯದ ಕಾಲಬಾರ್‌ಗೆ ಹೋಗಿ ಅವಳಿ ಶಿಶುಗಳ ಪ್ರಾಣ ಉಳಿಸಲು ದುಡಿದವರು.

ಭಾರತೀಯ ಸಂದರ್ಶಕರು ಇಲ್ಲಿ ಹೆಚ್ಚು ಗಮನ ಕೊಡಬೇಕಾದ ಭಾಗ ಕಲ್ಕತ್ತೆಗೆ ಸಂಬಂಧಿಸಿದ್ದು. 1855ರಲ್ಲಿ ಹೂಗ್ಲಿ ತೀರದ ರಿಷ್ರಾದಲ್ಲಿ ಡಂಡೀಯ ಯಂತ್ರಗಳಿಂದಲೇ ಬಂಗಾಳದ ಮೊದಲ ಸೆಣಬಿನ ಗಿರಣಿ ಆರಂಭವಾಯಿತು. ಅಲ್ಲಿನ ಗಿರಣಿಗಳ ಮೇಲ್ವಿಚಾರಕರಾಗಿ ಡಂಡೀಯವರೇ ತಲೆಮಾರುಗಳ ಕಾಲ ಹೋದರು, ಮತ್ತು ಅವರು ನಡೆಸಿದ ಆ ಗಿರಣಿಗಳೇ ಶತಮಾನದ ಕೊನೆಯ ಹೊತ್ತಿಗೆ ತವರೂರನ್ನು ಹಿಂದಿಕ್ಕಿದವು. ನಾರು ಬೆಳೆದ ರೈತ, ನೂಲಿದ ಹೆಂಗಸು, ಲಾಭ ಎಣಿಸಿದ ಮಾಲೀಕ ಈ ಮೂವರ ನಡುವಿನ ಅಂತರವನ್ನು ಇಲ್ಲಿನ ವಸ್ತುಗಳ ಮುಂದೆ ನಿಂತು ಲೆಕ್ಕ ಹಾಕುವುದು ಈ ಪ್ರವಾಸದ ಅತ್ಯಂತ ಮುಖ್ಯವಾದ ಕೆಲಸವೆಂದು ನಾನು ನಂಬಿದ್ದೇನೆ. ಬಂಗಾಳ ಕೊಲ್ಲಿಯಿಂದ ಡಂಡೀಗೆ ಸೆಣಬಿನ ಕೊನೆಯ ಸರಕು ಬಂದದ್ದು 1998ರಲ್ಲಿ.

ಮಧ್ಯಾಹ್ನ ಆಲ್ಬರ್ಟ್ ಚೌಕದ ಮೆಕ್‌ಮ್ಯಾನಸ್ ಕಲಾಸಂಗ್ರಹಾಲಯಕ್ಕೆ ಹೋಗಿ. ಜಾರ್ಜ್ ಗಿಲ್ಬರ್ಟ್ ಸ್ಕಾಟ್ ವಿನ್ಯಾಸದ ಈ ಕಟ್ಟಡ 1867ರಲ್ಲಿ ತೆರೆಯಿತು, ಪ್ರವೇಶಕ್ಕೆ ಶುಲ್ಕವಿಲ್ಲ. ಟೇ ಅಳಿವೆಗೆ 1883ರ ಕೊನೆಯಲ್ಲಿ ದಾರಿತಪ್ಪಿ ಬಂದು ಬೇಟೆಗಾರರ ಈಟಿಗೆ ಬಲಿಯಾದ ತಿಮಿಂಗಿಲದ ಅಸ್ಥಿಪಂಜರ ಇಲ್ಲಿದೆ. ಮಕ್ಕಳು ಜೊತೆಗಿದ್ದರೆ ಹೈಸ್ಟ್ರೀಟಿನಲ್ಲಿ ಡೆಸ್ಪರೇಟ್ ಡ್ಯಾನ್ ಪ್ರತಿಮೆಯನ್ನು ತೋರಿಸಿ. ಬ್ರಿಟನ್ನಿನ ಮಕ್ಕಳ ಚಿತ್ರಪತ್ರಿಕೆಗಳಾದ ಡ್ಯಾಂಡಿ ಮತ್ತು ಬೀನೋ ಇದೇ ಊರಿನ ಪ್ರಕಾಶನ ಸಂಸ್ಥೆಯವು. ಗ್ರ್ಯಾಂಡ್ ಥೆಫ್ಟ್ ಆಟೋ ಮತ್ತು ಲೆಮಿಂಗ್ಸ್ ಎಂಬ ವಿಡಿಯೊ ಆಟಗಳು ಹುಟ್ಟಿದ್ದೂ ಇಲ್ಲೇ. ಪರ್ತ್ ರಸ್ತೆಯ ಬದಿಯಲ್ಲಿ ಲೆಮಿಂಗ್ಸ್‌ಗೆ ಕಂಚಿನ ಪುಟ್ಟ ಪ್ರತಿಮೆಗಳಿವೆ.

ಬೆಟ್ಟವನ್ನು ಸಂಜೆಗೆ ಇಟ್ಟುಕೊಳ್ಳಿ. ಪುರಾತನ ಜ್ವಾಲಾಮುಖಿಯೊಂದರ ಗಟ್ಟಿ ಅವಶೇಷವಾದ ಡಂಡೀ ಲಾ 174 ಮೀಟರ್ ಎತ್ತರವಿದ್ದು, ಊರ ನಡುವಿನಿಂದ ಮುಕ್ಕಾಲು ಗಂಟೆಯಲ್ಲಿ ನಿಧಾನವಾಗಿ ಹತ್ತಬಹುದು. ಹತ್ತಲಾಗದವರಿಗೆ ತುದಿಯವರೆಗೂ ವಾಹನದ ರಸ್ತೆಯಿದೆ. ಯುದ್ಧಸ್ಮಾರಕದ ಬಳಿ ನಿಂತರೆ ಎರಡೂ ಸೇತುವೆಗಳು, ಮರಳದಿಬ್ಬಗಳು, ಅಳಿವೆಯ ಬಾಯಿ ಮತ್ತು ಅಲ್ಲಲ್ಲಿ ಉಳಿದ ಗಿರಣಿಗಳ ಚಾವಣಿಗಳು ಒಂದೇ ನೋಟಕ್ಕೆ ಸಿಗುತ್ತವೆ. ಬೆಳಗ್ಗೆ ಗಿರಣಿಯಲ್ಲಿ ಕಲಿತದ್ದರಿಂದಾಗಿ, ಬಂದರಿಗೆ ಇಳಿದ ನಾರು ಯಾವ ಬೀದಿಗಳಲ್ಲಿ ಮೇಲೇರಿ ಯಾವ ಗಿರಣಿ ಸೇರುತ್ತಿತ್ತೆಂದು ಇಲ್ಲಿಂದ ಕಣ್ಣಿನಲ್ಲೇ ಗುರುತಿಸಬಹುದು.

ಮೂರನೆಯ ದಿನದ ಅರ್ಧ

ಹೊರಡುವ ಮುನ್ನ ಸಿಗುವ ಬೆಳಗಿನ ಹೊತ್ತನ್ನು ಪೂರ್ವಕ್ಕೆ ಸುಮಾರು ಆರು ಕಿಲೋಮೀಟರ್ ದೂರದ ಬ್ರೌಟಿ ಫೆರಿಗೆ ಕೊಡಿ. ಊರ ಮಧ್ಯದಿಂದ ಬಸ್ಸು ಆಗಾಗ ಸಿಗುತ್ತದೆ, ಬ್ಯಾಂಕ್ ಕಾರ್ಡ್ ತಾಗಿಸಿ ಹತ್ತಬಹುದು. ಹದಿನೈದನೆಯ ಶತಮಾನದ ಕೊನೆಯ ಕೋಟೆ, ಉದ್ದನೆಯ ಮರಳತೀರ ಮತ್ತು ಸೆಣಬಿನ ಮಾಲೀಕರು ಹೊಗೆಯಿಂದ ದೂರ ಬಂದು ಕಟ್ಟಿಕೊಂಡ ಬಂಗಲೆಗಳು ಇಲ್ಲಿವೆ. ಅದೃಷ್ಟವಿದ್ದರೆ ಅಳಿವೆಯಲ್ಲಿ ಡಾಲ್ಫಿನ್‌ಗಳೂ ಕಾಣುತ್ತವೆ. ಇನ್ನೊಂದು ಪೂರ್ತಿ ದಿನವಿರುವವರು ಸೇತುವೆ ದಾಟಿ ಬಸ್ಸಿನಲ್ಲಿ ಸೇಂಟ್ ಆಂಡ್ರ್ಯೂಸ್‌ಗೆ ಹೋಗಬಹುದು, ಅಥವಾ ರೈಲಿನಲ್ಲಿ ಆರ್‌ಬ್ರೋತ್‌ಗೆ ಹೋಗಿ, 1320ರ ಸ್ವಾತಂತ್ರ್ಯ ಘೋಷಣಾಪತ್ರದೊಡನೆ ಹೆಸರು ಬೆಸೆದುಕೊಂಡ ಮಠದ ಕೆಂಪುಕಲ್ಲಿನ ಅವಶೇಷಗಳನ್ನು ನೋಡಬಹುದು.

ಊಟ ಮತ್ತು ಹಣ

ಬಾದಾಮಿ ಸಾಲುಗಳಿಂದ ಮುಚ್ಚಿದ ಡಂಡೀ ಕೇಕ್ ಮತ್ತು ಕಿತ್ತಳೆಯ ಮಾರ್ಮಲೇಡ್ ಈ ಊರಿನ ಹೆಸರಿನೊಡನೆ ಸೇರಿಕೊಂಡಿವೆ. ಕೇಕಿನಲ್ಲಿ ಮೊಟ್ಟೆಯಿರುತ್ತದೆ ಎಂಬುದನ್ನು ಮೊಟ್ಟೆ ತಿನ್ನದವರು ಗಮನಿಸಬೇಕು. ಮೀನು ತಿನ್ನುವವರು ಹೊಗೆಯಲ್ಲಿ ಬೇಯಿಸಿದ ಆರ್‌ಬ್ರೋತ್ ಸ್ಮೋಕಿಯನ್ನು ತಪ್ಪಿಸಬಾರದು. ಬ್ರೈಡಿ ಎಂಬ ಕರಿದಂತೆ ಕಾಣುವ ತಿಂಡಿಯೊಳಗೆ ಗೋಮಾಂಸವಿರುತ್ತದೆ. ಬೇಕರಿಗಳಲ್ಲಿ ಸಸ್ಯಾಹಾರಿಗಳು ಮ್ಯಾಕರೋನಿ ಪೈ ಕೇಳಬಹುದು. ಭಾರತೀಯ ಹೋಟೆಲುಗಳಿವೆ, ಆದರೆ ಹೋಟೆಲುಗಳ ಅಡುಗೆಮನೆ ರಾತ್ರಿ ಒಂಬತ್ತರ ಸುಮಾರಿಗೆ ಮುಚ್ಚುವುದುಂಟು. ಬೇಸಿಗೆಯ ಬೆಳಕನ್ನು ನಂಬಿ ತಡಮಾಡಿದರೆ ಊಟ ತಪ್ಪೀತು.

ಬಹುತೇಕ ಎಲ್ಲ ಕಡೆ ಕಾರ್ಡ್ ನಡೆಯುವುದರಿಂದ ಸ್ವಲ್ಪವೇ ನಗದು ಸಾಕು. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟುಗಳನ್ನು ಹೊರಡಿಸುತ್ತವೆ. ಮೌಲ್ಯ ಒಂದೇ ಆದರೂ ಇಂಗ್ಲೆಂಡಿನ ಕೆಲವು ಅಂಗಡಿಗಳಲ್ಲಿ ಅವನ್ನು ತೆಗೆದುಕೊಳ್ಳಲು ಹಿಂದೇಟು ಹಾಕುತ್ತಾರೆ, ಬೆಂಗಳೂರಿನ ಹಣ ವಿನಿಮಯ ಕೇಂದ್ರಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಆದ್ದರಿಂದ ಕೈಯಲ್ಲಿ ಉಳಿದ ಸ್ಕಾಟಿಷ್ ನೋಟುಗಳನ್ನು ರೈಲು ಹತ್ತುವ ಮೊದಲೇ ಡಂಡೀಯಲ್ಲಿ ಖರ್ಚು ಮಾಡಿಬಿಡಿ.